ಮುಖ ನೋಡದೆ ಸಾಕಿದ ನೊಣ

ಸಂಶೋಧನಾಲಯದ ನೊಣದ ಕೋಣೆಯಲ್ಲಿ ಅವಳನ್ನು ಎಲ್ಲರೂ ಕಡ್ಡಿ ಅಕ್ಕ ಎನ್ನುತ್ತಿದ್ದರು. ಅವಳು ತೆಳ್ಳಗಿದ್ದಳು, ನಿಜ. ಆದರೆ ಆ ಹೆಸರು ಬಂದದ್ದು ಮೈಯಿಂದಲ್ಲ, ಬಾಯಿಂದ. ಮಾತು ಅಂದರೆ ಕಡ್ಡಿ ಮುರಿದ ಹಾಗೆ. ಚೆನ್ನಾಗಿಲ್ಲದ್ದನ್ನು ಚೆನ್ನಾಗಿಲ್ಲ ಅನ್ನುವುದು, ಅದೂ ಎಲ್ಲರೆದುರಿಗೆ, ಅದೂ ಯಾರೂ ಕೇಳದೇ ಇದ್ದಾಗ. ಇಂಥವರಿಗೆ ಲೋಕದಲ್ಲಿ ಎಷ್ಟು ಜನ ಗೆಳೆಯರಿರುತ್ತಾರೆ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು.

ಅವಳು ಓದುತ್ತಿದ್ದದ್ದು ಡಾಕ್ಟರೇಟಿಗೆ. ಓದು ಅಂದರೆ ಪುಸ್ತಕಕ್ಕಿಂತ ಹೆಚ್ಚಾಗಿ ಹಣ್ಣಿನ ನೊಣ. ಬಾಳೆಹಣ್ಣು ಕೊಳೆತರೆ ಸುತ್ತಲೂ ಎಳ್ಳುಕಾಳಿನಷ್ಟು ಪುಟ್ಟ ನೊಣಗಳು ಏಳುತ್ತವಲ್ಲ, ಅವೇ. ಗಾಜಿನ ಸಣ್ಣ ಸೀಸೆ, ತಳದಲ್ಲಿ ಜೋಳದ ಹಿಟ್ಟು, ಸಕ್ಕರೆ, ಯೀಸ್ಟು ಹಾಕಿ ಬೇಯಿಸಿದ ಗಟ್ಟಿ ಗಂಜಿ, ಒಳಗೆ ನೊಣ, ಬಾಯಿಗೆ ಹತ್ತಿಯ ಬಿರಡೆ. ಗಂಜಿ ಒಣಗುವ ಮೊದಲು ಹಳೆಯ ಸೀಸೆಯನ್ನು ಹೊಸ ಸೀಸೆಯ ಮೇಲೆ ಬೋರಲು ಹಾಕಿ, ಟಪಟಪ ತಟ್ಟಿ, ನೊಣಗಳನ್ನು ದಾಟಿಸಬೇಕು. ಹೀಗೆ ದಾಟಿಸಿ ದಾಟಿಸಿ ಒಂದು ತಳಿಯನ್ನು ವರ್ಷಗಟ್ಟಲೆ ಉಳಿಸಬಹುದು. ಮರೆತರೆ ತಳಿಯೇ ಇಲ್ಲ.

ಅವಳ ಮನೆ ಇದ್ದದ್ದು ಅವಳಮ್ಮನ ಬಟ್ಟೆ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ. ಕೆಳಗೆ ದಿನವಿಡೀ ಹೊಲಿಗೆ ಯಂತ್ರದ ಸದ್ದು, ಪಕ್ಕದಲ್ಲಿ ಬೀಗದ ಕೈ ಮಾಡುವವನ ಅರದ ಸದ್ದು. ಅವಳ ಒಡಹುಟ್ಟಿದ ಅಕ್ಕನ ಗಂಡ ಬಂದಾಗಲೆಲ್ಲ ಮೆಟ್ಟಿಲ ಹತ್ತಿರವೇ ನಿಂತು ಕೂಗುತ್ತಿದ್ದ.

"ಏನಮ್ಮ ನಾದಿನಿ, ಇನ್ನೂ ನೊಣ ಹೊಡೀತಾ ಇದೀಯಾ?"

"ಹೊಡೆಯಲ್ಲ ಭಾವ, ಸಾಕ್ತೀನಿ. ಹೊಡೆಯೋದಿದ್ರೆ ಅದಕ್ಕೆ ಬೇರೆ ಜನ ಇದಾರೆ."

ಅಮ್ಮ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ತೆಗೆದು, "ನಿನ್ನ ಬಾಯಿಗೊಂದು ಬಿರಡೆ ಹೊಲಿದುಕೊಡ್ಲಾ?" ಅನ್ನುತ್ತಿದ್ದಳು. ಆದರೆ ಗಿರಾಕಿಗಳ ಮುಂದೆ ಮಗಳ ವಿಷಯ ಬಂದರೆ ಅಮ್ಮನ ಮುಖ ಅರಳುತ್ತಿತ್ತು. "ನಮ್ಮ ಚಿಕ್ಕವಳು ಇನ್ನೇನು ಡಾಕ್ಟರ್ ಆಗ್ತಾಳೆ. ಔಷಧಿ ಕೊಡೋ ಡಾಕ್ಟರ್ ಅಲ್ಲ, ಅದಕ್ಕಿಂತ ದೊಡ್ಡದು" ಅಂತ ಕಾಲರು ತಿರುಗಿಸುತ್ತಾ ಹೇಳುತ್ತಿದ್ದಳು. ಆ 'ಇನ್ನೇನು' ಹೇಳಲು ಶುರುಮಾಡಿ ಬಹಳ ಕಾಲವಾಗಿತ್ತು.

ಆ ಸಂಶೋಧನಾಲಯದಲ್ಲಿ ಒಂದು ಪದ್ಧತಿಯಿತ್ತು. ಅದನ್ನು ತಿಳಿಯದಿದ್ದರೆ ಈ ಕಥೆಯೇ ತಿಳಿಯುವುದಿಲ್ಲ, ಆದ್ದರಿಂದ ಹೇಳಿಬಿಡುತ್ತೇನೆ. ಯಾರ ತಳಿ ಅವರ ಹತ್ತಿರ ಇರುವುದು ಸರಿಯೇ. ಆದರೆ ಪ್ರತಿ ತಳಿಗೂ ಇನ್ನೊಂದು ಸೀಸೆ ಇರಬೇಕು, ಅದು ಇನ್ನೊಬ್ಬರ ಕೈಯಲ್ಲಿರಬೇಕು. ಅದಕ್ಕೆ ಕಾಪಿನ ಸೀಸೆ ಎಂದು ಹೆಸರು. ಎದುರುಬದುರು ಮೇಜಿನವರು ಜೋಡಿ. ನನ್ನ ಕಾಪು ನಿನ್ನ ಹತ್ತಿರ, ನಿನ್ನ ಕಾಪು ನನ್ನ ಹತ್ತಿರ. ನಾನು ತಪ್ಪು ಮಾಡಿ ನನ್ನದನ್ನು ಸಾಯಿಸಿಕೊಂಡರೆ ನಿನ್ನ ಬಾಗಿಲಿಗೆ ಬಂದು ಕೇಳುವ ಹಕ್ಕು ನನಗಿದೆ, ಕೊಡುವ ಹೊಣೆ ನಿನಗಿದೆ. ಕಾಪು ಕಾಯುವವರಿಗೆ ಕೆಲಸ ಎರಡು. ವೇಳೆಗೆ ಸರಿಯಾಗಿ ದಾಟಿಸಬೇಕು. ದಾಟಿಸಿದಾಗಲೆಲ್ಲ ನಾಲ್ಕಾರು ನೊಣವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಇದು ಅದೇ ತಳಿಯೋ, ಬೇರೆ ಏನಾದರೂ ಬೆರೆತಿದೆಯೋ ನೋಡಬೇಕು. ಹೊಸಬರು ಬಂದ ಮೊದಲ ದಿನವೇ ಮೇಷ್ಟ್ರು ಹೇಳುತ್ತಿದ್ದರು: "ಉಣಿಸೋದು ಅರ್ಧ, ನೋಡೋದು ಅರ್ಧ. ಇದು ಒಬ್ಬರ ಮನೆ ಅಲ್ಲ, ಎಲ್ಲರ ಮನೆ."

ಮೇಷ್ಟ್ರು ಅಂದರೆ ಆ ಸಂಶೋಧನಾಲಯದ ಯಜಮಾನರು, ಎಲ್ಲರಿಗೂ ಮಾರ್ಗದರ್ಶಕರು. ಒಳ್ಳೆಯವರೇ. ಒಳ್ಳೆಯ ಮಾತಾಡುವವರು. ಆಡಿದ ಮಾತನ್ನು ಪಾಲಿಸುವ ಕೆಲಸ ಮಾತ್ರ ಅವರಿಗೆ ಯಾರೂ ಕಲಿಸಿರಲಿಲ್ಲ.

ಕಡ್ಡಿ ಅಕ್ಕನಿಗೆ ಜೋಡಿಯಾಗಿ ಸಿಕ್ಕವನು ಬೆಣ್ಣೆ. ಅದು ಕೋಣೆಯವರೆಲ್ಲ ಸೇರಿ ಇಟ್ಟ ಹೆಸರು, ಯಾಕೆ ಅಂತ ವಿವರಿಸಬೇಕಾಗಿಲ್ಲ. ಮೇಷ್ಟ್ರು ಬಾಗಿಲಲ್ಲಿ ಕಂಡರೆ ಇವನು ಕುರ್ಚಿ ಎಳೆದಿಡುವವನು. ಮೇಷ್ಟ್ರು ಜೋಕು ಶುರುಮಾಡುವಾಗಲೇ ನಗಲು ಶುರುಮಾಡುವವನು. ಕೆಟ್ಟವನು ಅಂತ ಯಾರೂ ಅನ್ನುತ್ತಿರಲಿಲ್ಲ. ಕೆಟ್ಟವನಾಗಬೇಕಾದರೂ ಒಂದಿಷ್ಟು ಧೈರ್ಯ ಬೇಕಲ್ಲ.

ಈ ಅಕ್ಕ ವರ್ಷಗಟ್ಟಲೆ ಕಣ್ಣು ನೋಯಿಸಿಕೊಂಡು ಒಂದು ತಳಿ ಕಂಡುಹಿಡಿದಿದ್ದಳು. ಉಳಿದ ನೊಣಗಳೆಲ್ಲ ವಯಸ್ಸಾಗಿ ಸತ್ತು ಬಿದ್ದಮೇಲೂ ಆ ತಳಿಯವು ಗಾಜಿನ ಮೇಲೆ ಆರಾಮವಾಗಿ ಓಡಾಡಿಕೊಂಡಿರುತ್ತಿದ್ದವು. ಅದಕ್ಕೆ ಅವಳು ಅಜ್ಜಿ ತಳಿ ಎಂದು ಹೆಸರಿಟ್ಟಳು. ಅವುಗಳ ರೆಕ್ಕೆಯ ತುದಿಯಲ್ಲಿ ಒಂದು ನರ ಕವಲೊಡೆದು, ದಾರಿ ತಪ್ಪಿದ ಹೊಲಿಗೆಯ ಹಾಗೆ ಪಕ್ಕಕ್ಕೆ ಹೋಗುತ್ತಿತ್ತು. ಬರಿಗಣ್ಣಿಗೆ ಕಾಣದು. ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಮರೆಯದು. ಬೇರೆ ಯಾವ ತಳಿಯಲ್ಲೂ ಆ ಕವಲು ಇರಲಿಲ್ಲ. ಅವಳ ಪ್ರಬಂಧ, ಪದವಿ, ಅಮ್ಮನ 'ಇನ್ನೇನು', ಎಲ್ಲ ನಿಂತಿದ್ದದ್ದು ಆ ನೊಣಗಳ ಮೇಲೆ.

ಆಗ ಕೋಣೆಗೆ ಉಣ್ಣಿ ಬಿತ್ತು. ನೊಣಕ್ಕೂ ಉಣ್ಣಿಯಿರುತ್ತದೆ, ಕಣ್ಣಿಗೆ ಧೂಳಿನ ಹಾಗೆ ಕಾಣುತ್ತದೆ, ಸೀಸೆಯಿಂದ ಸೀಸೆಗೆ ಹರಿದು ಮೊಟ್ಟೆಗಳನ್ನೆಲ್ಲ ತಿಂದುಹಾಕುತ್ತದೆ. ಅಕ್ಕನ ಕಪಾಟಿನ ಸೀಸೆಗಳೆಲ್ಲ ಹೋದವು. ಅವಳು ಹೆದರಲಿಲ್ಲ. ಕಾಪು ಇದೆಯಲ್ಲ! ಎದುರು ಮೇಜಿಗೆ ಹೋಗಿ ಕೈ ಚಾಚಿದಳು.

ಬೆಣ್ಣೆ ಅವಳ ಕೈ ನೋಡಿದ, ನೆಲ ನೋಡಿದ. "ಸತ್ತುಹೋಯ್ತು ಅಕ್ಕ. ಗಂಜಿ ಒಣಗಿಹೋಗಿತ್ತು. ದಾಟಿಸೋದು ಮರೆತುಬಿಟ್ಟೆ. ಸಾರಿ."

"ಮರೆತೆ?"

"ಸಾರಿ ಅಂದೆನಲ್ಲ ಅಕ್ಕ."

ಅವಳು ವಾರದ ಸಭೆಯಲ್ಲಿ ಎದ್ದು ನಿಂತು ಕೇಳಿದಳು. ಎಲ್ಲರ ಮನೆ ಅಂತೀರಲ್ಲ ಸಾರ್, ಕಾಪು ಸಾಯಿಸಿದವರಿಗೆ ಈ ಮನೆಯಲ್ಲಿ ಏನು ಮಾಡ್ತೀರಿ ಅಂತ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಹೋಗಲಿ ಬಿಡಮ್ಮ, ಮರೆವು. ಮರೆವಿಗೆಲ್ಲ ಶಿಕ್ಷೆ ಕೊಟ್ಟರೆ ಈ ಕಟ್ಟಡದಲ್ಲಿ ಉಳಿಯೋರು ಯಾರು? ಮೊದಲು ನಾನೇ ಮನೆಗೆ ಹೋಗಬೇಕು!" ಎಂದರು. ಬೆಣ್ಣೆ ಎಲ್ಲರಿಗಿಂತ ಮೊದಲು ನಕ್ಕ. ಅವನ ಹಿಂದೆ ಕೋಣೆಯೇ ನಕ್ಕಿತು.

ಆ ನಗು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ನಾಟಿಕೊಂಡಿತು. ತಳಿ ಹೋದದ್ದಕ್ಕೆ ಅವಳಿಗೆ ದುಃಖವಾಗಿತ್ತು. ನಗುವಿಗೆ ಮಾತ್ರ ಮೈಯೆಲ್ಲ ಉರಿ. ಅವಳು ಬೆಣ್ಣೆಯ ಕಡೆ ಬೆರಳು ತೋರಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನಿನ್ನ ಕಾಪು ನನ್ನ ಹತ್ತಿರ ಇದೆ. ನೆನಪಿಟ್ಟುಕೋ. ನಾನು ಮರೆಯೋಳಲ್ಲ, ವೇಳೆಗೆ ಸರಿಯಾಗಿ ಊಟ ಹಾಕ್ತೀನಿ. ಆದರೆ ನಿನ್ನ ಮುಖವಾಗಲೀ ನಿನ್ನ ನೊಣದ ಮುಖವಾಗಲೀ ಜನ್ಮದಲ್ಲಿ ನೋಡಲ್ಲ."

ನೊಣದ ಮುಖ ನೋಡಲ್ಲವಂತೆ! ಕೋಣೆ ಮತ್ತೊಮ್ಮೆ ನಕ್ಕಿತು. ಈ ಸಲ ಬೆಣ್ಣೆ ಮಾತ್ರ ನಗಲಿಲ್ಲ. ಏನೋ ಲೆಕ್ಕ ಹಾಕುವವನ ಹಾಗೆ ಸುಮ್ಮನೆ ಕೂತಿದ್ದ. ಆಗ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಸ್ವಲ್ಪ ಕಾಲಕ್ಕೆ ಬೆಣ್ಣೆಯ ಅದೃಷ್ಟದ ಬಾಗಿಲು ತೆರೆಯಿತು. ಊಟವಿಲ್ಲದೆ ಬಹಳ ಹೊತ್ತು ತಡೆಯುವ ನೊಣದ ತಳಿಯೊಂದು ತನಗೆ ಸಿಕ್ಕಿದೆ ಎಂದು ಸಭೆಯಲ್ಲಿ ತೋರಿಸಿದ. ಎಲ್ಲಿಂದ ಬಂತೋ, ಹೇಗೆ ಬಂತೋ, ಮೇಷ್ಟ್ರು ಕೇಳಲಿಲ್ಲ. "ಭೇಷ್!" ಎಂದು ಬೆನ್ನು ತಟ್ಟಿದರು. ಹೊರಗಿನ ತಜ್ಞರು ಬಂದು ಅವನ ಕೆಲಸ ನೋಡುವುದೆಂದೂ ಗೊತ್ತಾಯಿತು. ಪದ್ಧತಿಯ ಪ್ರಕಾರ ಆ ತಳಿಯ ಕಾಪು ಅಕ್ಕನಿಗೆ ಬರಬೇಕು. ಬೆಣ್ಣೆ ತಂದು ಕೊಟ್ಟು ಬಾಗಿಲಲ್ಲೇ ನಿಂತ. ಅವಳು ಸೀಸೆಯನ್ನು ಮೇಲಿನ ಹಲಗೆಗೆ ತಳ್ಳಿ, "ಇನ್ನೂ ಏನು? ಹೋಗು" ಎಂದಳು. ಅವನು ಉಸಿರು ಬಿಟ್ಟು ಹೋದ.

ಅಂದಿನಿಂದ ಅವಳು ಆ ಸೀಸೆಯನ್ನು ಸಾಕಿದ ರೀತಿ ನೋಡಬೇಕಿತ್ತು. ಕೋಣೆಯಲ್ಲಿ ಯಾರ ನೊಣಕ್ಕೂ ಅಂಥ ಉಪಚಾರವಿರಲಿಲ್ಲ. ಹೊಸ ಗಂಜಿ, ಬಿಸಿ ಆರಿದ ಕೂಡಲೇ. ಬಿರಡೆ ಪ್ರತಿ ಸಲ ಹೊಸದು. ಒಂದು ಸೀಸೆ ನಾಲ್ಕಾಯಿತು. ತಟ್ಟಿ ದಾಟಿಸುವಾಗ ಅವಳು ಮುಖ ಕಿಟಕಿಯ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಸೂಕ್ಷ್ಮದರ್ಶಕದ ಕೆಳಗೆ ಒಂದೇ ಒಂದು ಸಲವೂ ಇಡಲಿಲ್ಲ.

ನೊಣಗಳಿಗೆ ಗಂಜಿ ಬೇಯಿಸುವ ಹೆಂಗಸು ಇದನ್ನು ನೋಡಿ ನೋಡಿ ಸಾಕಾಗಿ ಒಂದು ದಿನ ಕೇಳಿದಳು. ಆಕೆಯನ್ನು ಎಲ್ಲರೂ ಅಡುಗೆಯಮ್ಮ ಎನ್ನುತ್ತಿದ್ದರು. ಕೋಣೆಯಲ್ಲಿ ಕಡ್ಡಿ ಅಕ್ಕನ ಜೊತೆ ಕೂತು ಚಹಾ ಕುಡಿಯುತ್ತಿದ್ದ ಒಂದೇ ಜೀವ ಆಕೆ.

"ಅಲ್ಲ ಕಣೇ, ಅವನ ಹೆಸರೆತ್ತಿದ್ರೆ ಉಗೀತೀಯ. ಅವನ ನೊಣಕ್ಕೆ ಮಾತ್ರ ಅಳಿಯನ ಮರ್ಯಾದೆ?"

"ಬೆಳೀಲಿ ಅಂತ."

"ಬೆಳೆದು?"

"ಒಂದಲ್ಲ ಒಂದು ದಿನ ಅವನದ್ದೂ ಸಾಯುತ್ತೆ. ಆಗ ನನ್ನ ಹತ್ತಿರ ಬಂದು ಕೈ ಚಾಚಬೇಕು. ನಾನು ಚಾಚಿದ್ದೆನಲ್ಲ, ಹಾಗೇ. ಆಗ ಅವನ ಕಣ್ಣೆದುರಿಗೇ ಸಾಯಿಸ್ತೀನಿ. ಈಗ ಸತ್ತರೆ ಏನು ರುಚಿ?"

ಅಡುಗೆಯಮ್ಮ ಲೋಟ ಕೆಳಗಿಟ್ಟಳು. "ಅಮ್ಮಾ ತಾಯಿ, ಸಿಟ್ಟಲ್ಲಿ ಕೊಯ್ದ ಮೂಗು ಸಮಾಧಾನ ಆದಮೇಲೆ ಬರಲ್ಲ ಕಣೇ."

"ನಾನು ಕೊಯ್ಯೋದು ಅವನ ಮೂಗು."

"ಎಲ್ಲರೂ ಹಾಗೇ ಅಂದ್ಕೊಂಡೇ ಕೊಯ್ಯೋದು."

ಇತ್ತ ಅಕ್ಕನ ಗತಿ ಹದಗೆಡುತ್ತಿತ್ತು. ಅಜ್ಜಿ ತಳಿಯನ್ನು ಮತ್ತೆ ಹುಡುಕಲು ಅವಳು ಸಾವಿರಾರು ನೊಣಗಳ ರೆಕ್ಕೆ ನೋಡಿದಳು, ಆ ಕವಲು ಸಿಗಲಿಲ್ಲ. ಮೇಷ್ಟ್ರು ಕರೆದು ಸೌಮ್ಯವಾಗಿಯೇ ಹೇಳಿದರು. "ಈ ವರ್ಷ ಮುಗಿಯೋದರೊಳಗೆ ತಳಿ ಸಿಕ್ಕಿದರೆ ಸರಿ. ಇಲ್ಲದಿದ್ದರೆ ಪ್ರಬಂಧಕ್ಕೆ ಆಧಾರ ಇಲ್ಲ ನೋಡಮ್ಮ. ಬರಿಗೈಲಿ ಹೋಗಬೇಕಾಗುತ್ತೆ." ಅವಳು ಮನೆಗೆ ಹೋದಾಗ ಅಮ್ಮ ಯಾರದೋ ಮದುವೆಯ ಕೋಟಿಗೆ ಗುಂಡಿ ಹಚ್ಚುತ್ತಾ, "ಪದವಿ ಕೊಡೋ ದಿನ ಹಾಕೋ ಕರಿ ಗೌನು ಬಾಡಿಗೆಗೆ ತರಬೇಡ, ನಾನೇ ಹೊಲೀತೀನಿ" ಎಂದಳು. ಅವಳು ಮೆಟ್ಟಿಲು ಹತ್ತಿದಳು. ಹತ್ತುವಾಗ ಪ್ರತಿ ಮೆಟ್ಟಿಲಿಗೂ ಬೆಣ್ಣೆಗೆ ಒಂದೊಂದು ಶಾಪ ಹಾಕಿದಳು.

ಕಾದವರಿಗೆ ಕಾಲ ಬರುತ್ತದೆ ಅನ್ನುತ್ತಾರೆ. ಬಂತು. ರಜೆ ಕಳೆದು ಬಂದ ಬೆಳಗ್ಗೆ ನೋಡಿದರೆ, ಎಲ್ಲರ ಸೀಸೆಗಳನ್ನು ತಂಪಾಗಿಡುತ್ತಿದ್ದ ದೊಡ್ಡ ಕಪಾಟು ಕೆಟ್ಟು ಕೂತಿತ್ತು. ತಂಪಿನ ಬದಲು ಒಲೆಯಷ್ಟು ಬಿಸಿ. ಒಳಗಿದ್ದ ನೊಣಗಳೆಲ್ಲ ಸೀಸೆಯ ತಳದಲ್ಲಿ ಕಪ್ಪು ಪುಡಿಯಾಗಿದ್ದವು. ಮೊದಲು ಗೋಳು, ಆಮೇಲೆ ಓಡಾಟ. ಯಾಕೆಂದರೆ ಕಾಪಿನ ಸೀಸೆಗಳನ್ನು ಇಡುತ್ತಿದ್ದದ್ದು ಅವರವರ ಮೇಜಿನ ಹಲಗೆಗಳ ಮೇಲೆ, ಅವೆಲ್ಲ ಸುರಕ್ಷಿತವಾಗಿದ್ದವು. ಅಂದು ಬೆಳಗ್ಗೆ ಆ ಕೋಣೆ ನೋಡಲು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಮಾತು ಬಿಟ್ಟಿದ್ದವರೂ ಎದುರು ಮೇಜಿಗೆ ಹೋಗಿ ಕೈ ಚಾಚುತ್ತಿದ್ದರು. ಇದು ನಿನ್ನದು, ತಗೋ, ಚೆನ್ನಾಗಿದೆ, ಮೊನ್ನೆ ತಾನೇ ನೋಡಿದೀನಿ. ಸೀಸೆಗಳು ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ.

ಕಡ್ಡಿ ಅಕ್ಕ ಮಾತ್ರ ಬೇರೆ ಸಿದ್ಧತೆಯಲ್ಲಿದ್ದಳು. ಬೆಣ್ಣೆಯ ಕಾಪಿನ ಸೀಸೆಗಳಲ್ಲಿದ್ದ ನೊಣಗಳನ್ನೆಲ್ಲ ತಟ್ಟಿ ತಟ್ಟಿ ಒಂದೇ ಒಣ ಸೀಸೆಗೆ ದಾಟಿಸಿದಳು. ಗಂಜಿಯಿಲ್ಲದ ಖಾಲಿ ಸೀಸೆ. ಹಳೆಯ ಸೀಸೆಗಳ ಗಂಜಿಯಲ್ಲಿ ಮೊಟ್ಟೆಯಿರುತ್ತದೆ, ಮರಿಹುಳುವಿರುತ್ತದೆ, ಅಲ್ಲಿಂದ ತಳಿ ಮತ್ತೆ ಎದ್ದೀತು. ಅದಕ್ಕೆ ಅವೆಲ್ಲವನ್ನೂ ಆವಿಯ ಕುಕ್ಕರಿಗೆ ಹಾಕಿ ಮುಚ್ಚಳ ತಿರುಗಿಸಿದಳು. ಬೀಜವೂ ಉಳಿಯಬಾರದು. ಸೇಡಿನಲ್ಲೂ ಅವಳದು ಅಚ್ಚುಕಟ್ಟು ಕೆಲಸ.

ಬೆಣ್ಣೆ ಬೆಳಗ್ಗೆ ಬರಲಿಲ್ಲ. ಧೈರ್ಯ ಸಾಲಲಿಲ್ಲ. ಊಟವಾದ ಮೇಲೆ ಬಂದ, ಮೇಷ್ಟ್ರನ್ನು ಹಿಂದೆ ಕರೆದುಕೊಂಡು. ಉಪಾಹಾರ ಗೃಹದಿಂದ ನೇರ ಬಂದಿದ್ದನೆಂದು ಕಾಣುತ್ತದೆ, ತುಟಿಯ ಪಕ್ಕ ಕೆನ್ನೆಯ ಮೇಲೆ ಜಾಮು ಅಂಟಿಕೊಂಡಿತ್ತು. ಕೋಣೆಯವರೆಲ್ಲ ಕೆಲಸ ನಿಲ್ಲಿಸಿ ನೋಡಿದರು.

"ಅಕ್ಕ, ನನ್ನ ಕಾಪು."

"ಕೇಳಿಸಲಿಲ್ಲ."

"ನನ್ನ ಕಾಪು ಬೇಕಿತ್ತು ಅಕ್ಕ. ನಂದೆಲ್ಲ ಹೋಯ್ತು. ತಜ್ಞರು ನಾಡಿದ್ದೇ ಬರ್ತಾರೆ."

"ಕೈ ಚಾಚು."

ಅವನು ಚಾಚಿದ. ಎಂಥ ಸುಖ! ಅಷ್ಟು ದಿನ ಗಂಜಿ ಹಾಕಿದ್ದಕ್ಕೆ ಸಾರ್ಥಕವಾಯಿತು ಅನ್ನಿಸಿತು ಅವಳಿಗೆ. ಒಂದು ಕೈಯಲ್ಲಿ ನೊಣದ ಸೀಸೆ ಎತ್ತಿ ಬೆಳಕಿಗೆ ಹಿಡಿದಳು. ಬೆಳಗ್ಗೆಯಿಂದ ಊಟವಿಲ್ಲದಿದ್ದರೂ ಒಳಗಿನವು ಚುರುಕಾಗಿ ಓಡಾಡುತ್ತಿದ್ದವು. ಇನ್ನೊಂದು ಕೈಯಲ್ಲಿ ಸ್ಪಿರಿಟ್ ತುಂಬಿದ ಅಗಲ ಬಾಯಿಯ ಬಾಟಲಿಯ ಮುಚ್ಚಳ ತೆಗೆದಳು. ಬೇಡದ ನೊಣಗಳನ್ನು ಹಾಕುವ ಆ ಬಾಟಲಿಗೆ ಕೋಣೆಯಲ್ಲಿ ಮಸಣ ಅನ್ನುತ್ತಿದ್ದರು.

ಬೆಣ್ಣೆಯ ಮುಖ ಬಿಳಿಚಿತು. "ಅಕ್ಕ, ಬೇಡ!"

"ಯಾಕೆ ಬೇಡ?"

"ಅದು ನಂದಲ್ಲ ಅಕ್ಕ! ಅದು ನಿಮ್ಮದೇ! ನಿಮ್ಮ ಅಜ್ಜಿ ತಳಿ! ಅವತ್ತು ಸತ್ತಿರಲಿಲ್ಲ, ನಾನು... ದಯವಿಟ್ಟು ಬೇಡ ಅಕ್ಕ!"

ಅವಳು ಒಂದು ಕ್ಷಣ ಅವನನ್ನೇ ನೋಡಿದಳು. ಥೂ, ಎಂಥ ಸುಳ್ಳುಗಾರ! ಸಾಯುವ ಹೊತ್ತಿಗೂ ಬೆಣ್ಣೆ ಹಚ್ಚಲು ನೋಡುತ್ತಾನಲ್ಲ, ಅದೂ ನನ್ನ ಸತ್ತ ತಳಿಯನ್ನೇ ಹಿಡಿದು. ಅವಳು ಬಿರಡೆ ಕಿತ್ತು, ಸೀಸೆಯನ್ನು ಮಸಣದ ಮೇಲೆ ಬೋರಲು ಹಾಕಿ, ಟಪಟಪ ತಟ್ಟಿದಳು.

"ಏನಮ್ಮ ಇದು! ಬೇರೆಯವರ ಕಾಪು ಕೊಲ್ಲೋದಾ? ಇದು ಅಪರಾಧ!" ಮೇಷ್ಟ್ರು ಕೂಗಿದರು.

"ಮರೆವು ಸಾರ್. ಕೈ ಮರೆತುಬಿಡ್ತು. ಮರೆವಿಗೆ ಶಿಕ್ಷೆ ಇಲ್ಲ ಅಂತ ನೀವೇ ಅಂದಿದ್ರಿ."

ಈ ಮಾತನ್ನು ಅವಳು ಎಷ್ಟೋ ಕಾಲದಿಂದ ನಾಲಿಗೆಯ ಮೇಲೆ ಇಟ್ಟುಕೊಂಡು ಕಾದಿದ್ದಳು. ಆಡಿಯಾಯಿತು. ಆದರೆ ಬೆಣ್ಣೆ ಮಾಡಿದ್ದು ಅವಳಿಗೆ ಅರ್ಥವಾಗಲಿಲ್ಲ. ಅವನು ಸಿಟ್ಟಾಗಲಿಲ್ಲ, ಬೈಯಲಿಲ್ಲ. ನೆಲದ ಮೇಲೆ ಕುಸಿದು ಕೂತು, "ಒಂದು ಸಲ ನೋಡಿದ್ದರೆ ಗೊತ್ತಾಗ್ತಿತ್ತಲ್ಲ ಅಕ್ಕ, ಒಂದೇ ಒಂದು ಸಲ ನೋಡಿದ್ದರೆ..." ಎಂದು ಅಳತೊಡಗಿದ. ಕಳ್ಳನೇ ಕದ್ದ ಮನೆಯವರನ್ನು ಬೈಯುತ್ತಿದ್ದ, ಬಾಗಿಲು ಯಾಕೆ ಹಾಕಿಕೊಳ್ಳಲಿಲ್ಲ ಅಂತ.

ಅವಳು ಬಾಟಲಿಯಲ್ಲಿ ತೇಲುತ್ತಿದ್ದ ಒಂದಿಷ್ಟು ನೊಣಗಳನ್ನು ಕುಂಚದಲ್ಲಿ ಎತ್ತಿ ಗಾಜಿನ ಮೇಲೆ ಹರಡಿದಳು. ಸೂಕ್ಷ್ಮದರ್ಶಕದ ಮೇಲೆ ಬಾಗಿದಳು. ಮೊದಲ ನೊಣದ ರೆಕ್ಕೆ. ತುದಿಯಲ್ಲಿ ನರ ಕವಲೊಡೆದು, ದಾರಿ ತಪ್ಪಿದ ಹೊಲಿಗೆಯ ಹಾಗೆ ಪಕ್ಕಕ್ಕೆ ಹೋಗಿತ್ತು. ಎರಡನೆಯದು. ಕವಲು. ಮೂರನೆಯದು. ಕವಲು. ಇನ್ನೊಂದು, ಇನ್ನೊಂದು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಸರಿ. ಮೇಯ್ದ ಬೇಲಿಯನ್ನು ಸುಡುತ್ತೇನೆಂದು ಅವಳು ಹೊಲಕ್ಕೇ ಬೆಂಕಿ ಇಟ್ಟಿದ್ದಳು. ಆ ತಳಿ ಅಷ್ಟು ಕಾಲವೂ ಅವಳ ಕೈಯಲ್ಲೇ ಇತ್ತು. ಅವಳೇ ಊಟ ಹಾಕಿದ್ದಳು, ಅವಳೇ ಮುಖ ತಿರುಗಿಸಿದ್ದಳು. ಉಣಿಸೋದು ಅರ್ಧ, ನೋಡೋದು ಅರ್ಧ. ಹಳೆಯ ಸೀಸೆಗಳನ್ನು ಬೇಯಿಸಿದ ಕುಕ್ಕರು ಮೂಲೆಯಲ್ಲಿ ಆಗಲೇ ಆರಿತ್ತು. ಅವಳು ಸೂಕ್ಷ್ಮದರ್ಶಕದಿಂದ ತಲೆ ಎತ್ತಲಿಲ್ಲ, ಎತ್ತಿದರೆ ಎಲ್ಲರೂ ಅವಳ ಮುಖ ನೋಡುತ್ತಾರೆ ಅಂತ.

ಆಗ ಬಾಗಿಲ ಹತ್ತಿರ ಗಂಜಿಯ ಪಾತ್ರೆ ಹಿಡಿದು ನಿಂತಿದ್ದ ಅಡುಗೆಯಮ್ಮ ಹೇಳಿದಳು. "ಅಲ್ಲ, ಒಂದು ಹಾರಿತಲ್ಲ."

"ಏನು?"

"ನೀನು ತಟ್ಟಿದಾಗ ಒಂದು ಹಾರಿತು ಕಣೇ. ಯಾವಾಗ ತಟ್ಟಿದ್ರೂ ಒಂದು ಹಾರೇ ಹಾರುತ್ತಲ್ಲ. ಅದೇನು ಹೊಸದಾ?"

"ಬಾಗಿಲು ಹಾಕಿ!" ಅಕ್ಕ ಕಿರುಚಿದ ಸದ್ದಿಗೆ ಮೇಷ್ಟ್ರೇ ಓಡಿ ಬಾಗಿಲು ಹಾಕಿದರು. "ಕಿಟಕಿ! ಪರದೆ! ಫ್ಯಾನು ನಿಲ್ಲಿಸಿ! ಯಾರೂ ಅಲುಗಾಡಬೇಡಿ, ಯಾರೂ ಏನನ್ನೂ ತುಳೀಬೇಡಿ!"

ಎಂಥ ದೃಶ್ಯ ಅಂತೀರಿ! ಪದವಿಗಳ ಮೇಲೆ ಪದವಿ ಹೊತ್ತ ಜನ ಕುರ್ಚಿಯ ಮೇಲೆ, ಮೇಜಿನ ಮೇಲೆ, ಕೈಯಲ್ಲಿ ಒಂದೊಂದು ಖಾಲಿ ಸೀಸೆ ಹಿಡಿದು, ಉಸಿರು ಬಿಗಿಹಿಡಿದು ಒಂದು ನೊಣ ಹುಡುಕುತ್ತಿದ್ದರು. ಮೇಷ್ಟ್ರು ಮಂಡಿಯೂರಿ ಕಪಾಟಿನ ಕೆಳಗೆ ನೋಡುತ್ತಿದ್ದರು. ಎಲ್ಲರ ಮನೆ ಅನ್ನುತ್ತಿದ್ದರಲ್ಲ, ಆ ಕೋಣೆ ಎಲ್ಲರ ಮನೆಯಾದದ್ದು ಅವತ್ತೇ.

"ಅಲ್ಲಿ," ಎಂದಳು ಅಡುಗೆಯಮ್ಮ ಮೆಲ್ಲಗೆ.

ಬೆಳಗ್ಗೆಯಿಂದ ಹಸಿದಿದ್ದ ನೊಣ ಊಟದ ವಾಸನೆ ಹಿಡಿದು ಹೋಗಿತ್ತು. ನೆಲದ ಮೇಲೆ ಕೂತಿದ್ದ ಬೆಣ್ಣೆಯ ಎಡಗೆನ್ನೆಯ ಮೇಲೆ, ಆ ಜಾಮಿನ ಮೇಲೆ, ಹಾಯಾಗಿ ಕೂತು ತಿನ್ನುತ್ತಿತ್ತು.

ಆ ಕೆನ್ನೆ! ಎಷ್ಟು ದಿನದಿಂದ ಅವಳ ಅಂಗೈ ಆ ಕೆನ್ನೆಗಾಗಿ ತುರಿಸುತ್ತಿತ್ತು. ಸಭೆಯಲ್ಲಿ, ಮೆಟ್ಟಿಲ ಮೇಲೆ, ಹಾಸಿಗೆಯಲ್ಲಿ, ಎಲ್ಲ ಕಡೆ ಮನಸ್ಸಿನಲ್ಲೇ ಎಷ್ಟು ಸಲ ಬಾರಿಸಿದ್ದಳು. ಈಗ ಅವನು ಕೈಗೆ ಸಿಗುವಷ್ಟು ಹತ್ತಿರ, ಕಳ್ಳತನ ಬಾಯಿಬಿಟ್ಟು ಒಪ್ಪಿಕೊಂಡು, ಮುಖ ಮೇಲೆತ್ತಿ ಕೂತಿದ್ದಾನೆ. ಅವನ ಆ ಕೆನ್ನೆಯ ಮೇಲೆ ಅವಳ ಬದುಕೆಲ್ಲ ಕೂತು ಜಾಮು ತಿನ್ನುತ್ತಿದೆ.

"ಅಲುಗಾಡಬೇಡ," ಎಂದಳು. "ಅಳೋದು ನಿಲ್ಲಿಸು. ಕೆನ್ನೆ ಮಿಸುಕಿದರೂ ಕೊಂದುಬಿಡ್ತೀನಿ."

ಬೆಣ್ಣೆ ಬೊಂಬೆಯಾದ. ಕಣ್ಣೀರೊಂದು ಇಳಿದು ಬಂದು ನೊಣದ ಹತ್ತಿರವೇ ನಿಂತಿತು. ಅವಳು ಅವನೆದುರು ಮಂಡಿಯೂರಿದಳು. ಮುಖ ನೋಡುವುದಿಲ್ಲ ಅಂದಿದ್ದವಳು, ಅವನ ರೆಪ್ಪೆಯ ಕೂದಲೂ ಕಾಣುವಷ್ಟು ಹತ್ತಿರ ಹೋಗಿ, ಕಣ್ಣು ಮಿಟುಕಿಸದೆ ನೋಡಿದಳು. ಸೀಸೆಯ ಬಾಯನ್ನು ಮಗುವಿನ ಕೆನ್ನೆ ಮುಟ್ಟುವ ಹಾಗೆ ಮೆಲ್ಲಗೆ ಒತ್ತಿದಳು. ನೊಣ ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಹೆಜ್ಜೆ ಇಟ್ಟಿತು, ಗಾಜನ್ನು ಹತ್ತಿತು. ಅವಳು ಸೀಸೆಯ ಕೆಳಗೆ ಬೆರಳು ಜಾರಿಸಿ, ಎತ್ತಿ, ಹತ್ತಿಯ ಬಿರಡೆ ಒತ್ತಿದಳು.

ಹೋಗಿ ಸೂಕ್ಷ್ಮದರ್ಶಕದ ಕೆಳಗೆ ಸೀಸೆಯನ್ನೇ ಅಡ್ಡ ಇಟ್ಟು ನೋಡಿದಳು. ರೆಕ್ಕೆಯ ತುದಿಯಲ್ಲಿ ಕವಲು. ಹೆಣ್ಣು. ಹೊಟ್ಟೆ ತುಂಬ ಮೊಟ್ಟೆ. ಗಂಡಿನ ಜೊತೆ ಕೂಡಿದ ಹೆಣ್ಣು ನೊಣ ಒಂದೇ ಇದ್ದರೂ ಸಾಕು, ಒಂದು ವಂಶವನ್ನೇ ಎಬ್ಬಿಸುತ್ತದೆ. ಅಡುಗೆಯಮ್ಮ ಕೇಳುವ ಮೊದಲೇ ಹೊಸ ಗಂಜಿಯ ಸೀಸೆ ಚಾಚಿದಳು. ಅಕ್ಕ ನೊಣವನ್ನು ಅದಕ್ಕೆ ದಾಟಿಸಿದಳು. ಬಿರಡೆ ಗಟ್ಟಿಯಿದೆಯೇ ಎಂದು ಬೆರಳಿಂದ ಒತ್ತಿ ನೋಡಿದಳು. ಸೀಸೆಯನ್ನು ಮೇಜಿನ ನಟ್ಟನಡುವೆ, ಯಾರ ಕೈಯೂ ತಾಗದ ಕಡೆ ಇಟ್ಟಳು.

ಆಮೇಲೆ ತಿರುಗಿ ಬಂದು, ಬೆಣ್ಣೆಯ ಎಡಗೆನ್ನೆಗೆ ಒಂದು ಬಾರಿಸಿದಳು. ಆ ಸದ್ದು ಹೊರಗಿನ ಪಡಸಾಲೆಗೂ ಕೇಳಿಸಿತಂತೆ.

ವಿಷಯ ಸಮಿತಿಗೆ ಹೋಗದೆ ಇರುತ್ತದೆಯೇ? ಓದುವವರು, ಕಲಿಸುವವರು, ಇಬ್ಬರೂ ಸೇರಿ ಕೂರುವ ಸಮಿತಿ ಅದು. ಬೆಣ್ಣೆ ಎಲ್ಲ ಒಪ್ಪಿಕೊಂಡ. ಅವಳ ಕಾಪು ಸತ್ತಿರಲಿಲ್ಲ, ಆಸೆಯಾಯಿತು, ಬೇರೆ ಹೆಸರು ಬರೆದು ಅಂಟಿಸಿದೆ, ಗುರುತು ಸಿಗಬಾರದೆಂದು ಆಯುಸ್ಸಿನ ಮಾತೆತ್ತದೆ ಹಸಿವು ತಡೆಯುವ ಗುಣ ಮಾತ್ರ ತೋರಿಸಿದೆ. ಅದರ ಕಾಪನ್ನು ಅವಳಿಗೇ ಕೊಡಬೇಕಾದಾಗ ಜೀವ ಬಾಯಿಗೆ ಬಂದಿತ್ತು, ಆದರೆ ಮುಖ ನೋಡಲ್ಲ ಅಂತ ಆಣೆ ಮಾಡಿದ್ದಳಲ್ಲ, ಆ ಧೈರ್ಯದ ಮೇಲೆ ಕೊಟ್ಟೆ ಎಂದ. ಮೇಷ್ಟ್ರು ತಲೆ ತಗ್ಗಿಸಿ, "ಅವತ್ತು ನಾನು ಅದನ್ನ ನಗೆಗೆ ಹಾಕಬಾರದಿತ್ತು" ಎಂದರು. ಸಮಿತಿಯವರು ಅಕ್ಕನನ್ನೂ ಬಿಡಲಿಲ್ಲ. ಹೊಡೆದದ್ದು ಒಂದು ತಪ್ಪು, ಅದಕ್ಕಿಂತ ದೊಡ್ಡ ತಪ್ಪು ಕಾಪು ಕೊಂದದ್ದು, ಯಾರದ್ದೇ ಆಗಿರಲಿ ಎಂದರು. ಅವಳು ಎದುರಾಡಲಿಲ್ಲ. ಕಡ್ಡಿ ಮುರಿದ ಹಾಗೆ "ಹೌದು" ಎಂದಳು.

ಸಮಿತಿಯ ಹಿರಿಯರು ಅವಳನ್ನೇ ಕೇಳಿದರು. "ಇವನನ್ನ ಹೊರಗೆ ಹಾಕೋ ಅಧಿಕಾರ ನಮಗಿದೆ. ಅನ್ಯಾಯ ಆಗಿರೋದು ನಿನಗೆ. ನಿನಗೇನು ಬೇಕು ಹೇಳಮ್ಮ."

ಬೆಣ್ಣೆ ಕಣ್ಣು ಮುಚ್ಚಿಕೊಂಡ.

"ಹೊರಗೆ ಹಾಕಬೇಡಿ," ಎಂದಳು ಅವಳು. ಎಲ್ಲರಿಗೂ ಆಶ್ಚರ್ಯ. ಎಷ್ಟು ದೊಡ್ಡ ಮನಸ್ಸು ಎಂದು ಯಾರೋ ಪಿಸುಗುಟ್ಟಿದರು. ಅವಳು ಮುಂದುವರಿಸಿದಳು. "ಹೊರಗೆ ಹಾಕಿದ್ರೆ ಇವತ್ತಿಗೆ ಮುಗಿದುಹೋಗುತ್ತೆ. ನಂಗದು ಬೇಡ. ಅಜ್ಜಿ ತಳಿಯ ಕಾಪು ಇವನೇ ಕಾಯಲಿ. ಪ್ರತಿ ಸಲ ಇವನೇ ದಾಟಿಸಲಿ, ಇವನೇ ನೋಡಲಿ. ನಾನು ಹಿಂದೆ ನಿಂತಿರ್ತೀನಿ. ಇವನ ಕಾಪು ನಾನು ಕಾಯ್ತೀನಿ, ಈ ಸಲ ನೋಡ್ಕೊಂಡೇ."

ಪಿಸುಗುಟ್ಟಿದವರು ತಮ್ಮ ಮುಂದಿನ ಕಾಗದಗಳನ್ನು ಜೋಡಿಸತೊಡಗಿದರು.

ಅವಳಮ್ಮ ಈಗ ಕರಿ ಗೌನಿಗೆ ಬಟ್ಟೆ ತಂದಿದ್ದಾಳೆ, ಕತ್ತರಿಸಿಲ್ಲ. ಪ್ರಬಂಧ ಮುಗಿಯಬೇಕು. ಒಂದು ನೊಣದಿಂದ ಎದ್ದ ವಂಶ ಈಗ ಹಲಗೆ ತುಂಬಿದೆ. ದಾಟಿಸುವ ದಿನ ಬಂದರೆ ಬೆಣ್ಣೆ ಸೂಕ್ಷ್ಮದರ್ಶಕದ ಮೇಲೆ ಬಾಗಿ ಕೂರುತ್ತಾನೆ, ಹಿಂದೆ ಕಡ್ಡಿ ಅಕ್ಕ ಕೈ ಕಟ್ಟಿ ನಿಲ್ಲುತ್ತಾಳೆ. ಕೋಣೆಯವರು ಸದ್ದಿಲ್ಲದೆ ಕಿವಿಗೊಡುತ್ತಾರೆ.

"ಕವಲು ಇದೆ ಅಕ್ಕ."

"ಇನ್ನೊಂದು ನೋಡು."

"ಇದೆ ಅಕ್ಕ."

"ಇನ್ನೊಂದು."

ಅವನ ಕುತ್ತಿಗೆ ನೋಯುತ್ತದೆ, ಕಣ್ಣು ಕೆಂಪಾಗುತ್ತದೆ. ಅವಳಿಗೆ ಅದು ಕಾಣುತ್ತದೆ. ಕ್ಷಮಿಸಿದಳೇ ಎಂದು ನನ್ನನ್ನು ಕೇಳಬೇಡಿ, ಅವಳನ್ನಂತೂ ಕೇಳಲೇಬೇಡಿ. ಮೊನ್ನೆ ಅವನು ತಲೆ ಎತ್ತದೆಯೇ ಮೆಲ್ಲಗೆ ಕೇಳಿದ.

"ಇನ್ನೂ ಎಷ್ಟು ದಿನ ಅಕ್ಕ ಇದು?"

"ಅಜ್ಜಿ ಇರೋವರೆಗೆ," ಎಂದಳು ಅವಳು. "ಇನ್ನೊಂದು ನೋಡು."